ಮರಳಲ್ಲಿ ಎತ್ತಿದ ಕೈ

ಸಮುದ್ರದ ದಂಡೆಯಲ್ಲಿ ಒಬ್ಬ ಕುದುರೆ ಮೇಲೆ ಬರುತ್ತಾನೆ. ಒಂದು ಕಡೆ ಬಂಡೆಗಳ ಗುಡ್ಡ, ಇನ್ನೊಂದು ಕಡೆ ನೀರು. ಎತ್ತರದಿಂದ, ಯಾವುದೋ ಚೂಪು ಮುಳ್ಳುಗಳ ಸಂದಿಯಿಂದ ಕ್ಯಾಮೆರಾ ಅವನನ್ನು ನೋಡುತ್ತದೆ. ಅವನು ಇಳಿಯುತ್ತಾನೆ, ಮಂಡಿಯೂರುತ್ತಾನೆ, ಮರಳಿಗೆ ಗುದ್ದುತ್ತಾನೆ. ಆಮೇಲಷ್ಟೇ ನಮಗೆ ಪೂರ್ತಿ ಕಾಣುವುದು. ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆ ಅರ್ಧ ಹೂತುಹೋಗಿದೆ, ವಾಲಿದೆ, ಪಂಜು ಹಿಡಿದ ಕೈ ಇನ್ನೂ ಮೇಲಕ್ಕೆ ಚಾಚಿದೆ. ಯಾವುದೋ ದೂರದ ಗ್ರಹಕ್ಕೆ ಬಂದು ಬಿದ್ದಿದ್ದೇನೆ ಅಂದುಕೊಂಡಿದ್ದವನು ಭೂಮಿಯ ಮೇಲೇ ಇದ್ದ.

1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಕೊನೆ ಇದು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಮಾಲಿಬು ಬಳಿಯ ಕಡಲತೀರದಲ್ಲಿ. ಅಲ್ಲಿ ಅಂಥ ದೊಡ್ಡ ಪ್ರತಿಮೆ ನಿಂತೇ ಇರಲಿಲ್ಲ. ದೂರದಿಂದ ಕಾಣುವ ಆ ಪ್ರತಿಮೆ ಕೈಯಲ್ಲಿ ಬರೆದ ಚಿತ್ರ. ಅದನ್ನು ನಿಜವಾದ ದಂಡೆಯ ದೃಶ್ಯಕ್ಕೆ ಕೂಡಿಸಿದ್ದರು.

ಈ ದೃಶ್ಯವನ್ನು ಮರಳಲ್ಲೇ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ಡಿಸೆಂಬರ್ ರಜೆಯಲ್ಲಿ ಅಕ್ಕನ ಮಗಳು ಬಂದಾಗ ಇಬ್ಬರೂ ಕಾಪು ಬೀಚಿಗೆ ಹೋದೆವು. ಅಲ್ಲಿನ ದೀಪಸ್ತಂಭದ ಕೆಳಗಿನ ಬಂಡೆಗಳು ಸಿನಿಮಾದ ಆ ಗುಡ್ಡವನ್ನು ನೆನಪಿಸುತ್ತವೆ. ಇಳಿತ ಶುರುವಾಗುವ ಹೊತ್ತು ನೋಡಿಕೊಂಡು ಹೋಗಿದ್ದೆವು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಮತ್ತೆ ನೀರು ಏರಲು ಇನ್ನಾರು ಗಂಟೆ. ಕೆಲಸಕ್ಕೆ ಅಷ್ಟು ಸಮಯ ಸಾಕು. ಕೈಯಲ್ಲಿ ಒಂದು ಸಲಿಕೆ, ಒಂದು ಕರಣೆ, ಮನೆಯ ಹಳೆ ದೋಸೆ ಸಟ್ಟುಗ, ಎರಡು ಚಮಚ, ಜ್ಯೂಸ್ ಕುಡಿಯುವ ಸ್ಟ್ರಾ, ಮತ್ತೆ ತಳ ಕತ್ತರಿಸಿದ ಪೇಂಟ್ ಬಕೆಟ್‌ಗಳು ಇದ್ದವು.

ಒಣ ಮರಳನ್ನು ಸುಮ್ನೆ ಸುರಿದು ನೋಡಿ. ಗುಡ್ಡೆಯಾಗುತ್ತದೆ, ಆದರೆ ಒಂದು ಇಳಿಜಾರಿಗಿಂತ ಜಾಸ್ತಿ ಕಡಿದಾಗುವುದಿಲ್ಲ. ಸುಮಾರು 30ರಿಂದ 35 ಡಿಗ್ರಿ, ಅಷ್ಟೇ. ಮೇಲೆ ಇನ್ನೂ ಸುರಿದರೆ ಪಕ್ಕಕ್ಕೆ ಜಾರಿ ಗುಡ್ಡೆ ಅಗಲವಾಗುತ್ತದೆ, ಇಳಿಜಾರು ಮಾತ್ರ ಹಾಗೇ ಉಳಿಯುತ್ತದೆ. ಕಾಳುಗಳ ನಡುವೆ ಇರುವುದು ತಿಕ್ಕಾಟ ಮಾತ್ರ, ಅಂಟು ಏನೂ ಇಲ್ಲ. ಅದೇ ಮರಳಿಗೆ ಒಂದಿಷ್ಟು ನೀರು ಬೆರೆಸಿ, ನೆಟ್ಟಗೆ ಗೋಡೆ ನಿಲ್ಲುತ್ತದೆ. ನೀರೂ ಅಂಟಲ್ಲ, ಮರಳೂ ಅಂಟಲ್ಲ. ಎರಡೂ ಸೇರಿದಾಗ ಅಂಟು ಎಲ್ಲಿಂದ ಬಂತು?

ಎರಡು ಕಾಳುಗಳು ಮುಟ್ಟಿಕೊಂಡ ಜಾಗಕ್ಕೆ ಹೋಗಿ ನೋಡಬೇಕು. ಅಲ್ಲಿ ಒಂದು ಚೂರು ನೀರು ಸಿಕ್ಕಿಕೊಂಡು ಚಿಕ್ಕ ಸೇತುವೆಯ ಹಾಗೆ ನಿಲ್ಲುತ್ತದೆ. ನಡುವೆ ಸೊಂಟ ಸಣ್ಣಗೆ, ಎರಡು ತುದಿ ಅಗಲ, ಡಮರುಗದ ಆಕಾರ. ನೀರಿನ ಮೇಲ್ಮೈ ಯಾವಾಗಲೂ ಕುಗ್ಗಲು ಎಳೆಯುತ್ತಿರುತ್ತದೆ. ಎಲೆಯ ಮೇಲಿನ ಹನಿ ದುಂಡಗಿರುವುದು ಈ ಮೇಲ್ಮೈ ಎಳೆತದಿಂದಲೇ. ಸೇತುವೆಯ ಮೇಲ್ಮೈ ಒಳಕ್ಕೆ ಬಾಗಿರುವುದರಿಂದ ಅದರೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಎರಡೂ ಸೇರಿ ಕಾಳುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತವೆ.

ಈ ಎಳೆತ ಎಷ್ಟು? ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಅಗಲದ, ನುಣುಪಾದ ಎರಡು ಕಾಳುಗಳಿಗೆ ಲೆಕ್ಕ ಹಾಕಿದರೆ ಒಂದು ಕಾಳಿನ ತೂಕದ ಸುಮಾರು 400 ಪಟ್ಟು ಬರುತ್ತದೆ. ನಿಜವಾದ ಕಾಳು ಒರಟು, ಹಾಗಾಗಿ ಇದಕ್ಕಿಂತ ಕಡಿಮೆ. ಆದರೂ ತೂಕದ ಮುಂದೆ ಅದು ಎಷ್ಟೋ ದೊಡ್ಡದು. ಕಾಳು ಸಣ್ಣದಾದಷ್ಟೂ ನಮಗೆ ಲಾಭ. ಅಗಲ ಅರ್ಧವಾದರೆ ಎಳೆತವೂ ಅರ್ಧವಾಗುತ್ತದೆ, ಆದರೆ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಜಲ್ಲಿಯಲ್ಲಿ ಮೂಗು ತಿದ್ದಲು ಆಗುವುದಿಲ್ಲ, ನುಣ್ಣನೆ ಹೊಯಿಗೆಯಲ್ಲಿ ಆಗುತ್ತದೆ.

ಇಷ್ಟಕ್ಕೆ ಎಷ್ಟು ನೀರು ಬೇಕು ಅನ್ನುವುದು ನನಗೆ ಬಹಳ ಇಷ್ಟವಾದ ಪ್ರಶ್ನೆ. 1997ರಲ್ಲಿ ಅಮೆರಿಕದ ನೊಟ್ರೆ ಡೇಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪುಟ್ಟ ಪ್ಲಾಸ್ಟಿಕ್ ಮಣಿಗಳಿಗೆ ಎಣ್ಣೆ ಸವರಿ ನೋಡಿದರು. ಕೆಲವೇ ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ದಪ್ಪದ ಪದರ ಸಾಕಾಯಿತು, ಮಣಿಗಳ ರಾಶಿಯ ಇಳಿಜಾರು ಕಣ್ಣಿಗೆ ಕಾಣುವಷ್ಟು ಕಡಿದಾಯಿತು. 2012ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಭೌತವಿಜ್ಞಾನಿ ಡೇನಿಯಲ್ ಬಾನ್ ಮತ್ತು ಸಂಗಡಿಗರು ಒದ್ದೆ ಮರಳಿನ ಕಂಬಗಳನ್ನು ನಿಲ್ಲಿಸಿ ಪರೀಕ್ಷೆ ಮಾಡಿದರು. ಗಾತ್ರದ ಲೆಕ್ಕದಲ್ಲಿ ಶೇಕಡಾ 1ರಷ್ಟು ನೀರಿದ್ದಾಗ ಮರಳು ಅತಿ ಗಟ್ಟಿ ಅಂತ ಗೊತ್ತಾಯಿತು. ಇನ್ನೊಂದು ಕಡೆ, ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಬೆನೆಟ್ 2004ರಲ್ಲಿ ಕೊಟ್ಟ ಅಳತೆ ಎಂಟು ಬಕೆಟ್ ಒಣ ಮರಳಿಗೆ ಒಂದು ಬಕೆಟ್ ನೀರು.

ಎಂಟಕ್ಕೆ ಒಂದು ಅಂದರೆ ಶೇಕಡಾ ಹನ್ನೆರಡರ ಮೇಲೆ. ಶೇಕಡಾ ಒಂದು ಎಲ್ಲಿ, ಹನ್ನೆರಡು ಎಲ್ಲಿ, ಅಲ್ವಾ? ನನಗೆ ಅರ್ಥವಾದಂತೆ ಇಬ್ಬರೂ ಬೇರೆ ಬೇರೆ ಕೆಲಸದ ನೀರನ್ನು ಅಳೆದಿದ್ದಾರೆ. ಹಿಡಿದು ನಿಲ್ಲಿಸಲು ಬಹಳ ಕಡಿಮೆ ನೀರು ಸಾಕು. ಕಾಳುಗಳು ಒಂದರ ಪಕ್ಕ ಒಂದು ಸರಿಯಾಗಿ ಕೂರಲು ಮಾತ್ರ ಜಾಸ್ತಿ ನೀರು ಬೇಕು. ಆ ನೀರು ಕಾಳುಗಳನ್ನು ಜಾರಿಸಿ, ಸಂದಿಗೆ ಕೂರಿಸಿ, ಕೆಳಗೆ ಬಸಿದು ಹೋಗುತ್ತದೆ. ಉಳಿಯುವುದು ಸೇತುವೆಗಳ ನೀರು. ಬಸಿಯದೆ ನಿಂತರೆ ಅಪಾಯ. ಸೇತುವೆಗಳು ಒಂದಕ್ಕೊಂದು ಕೂಡಿಕೊಂಡು, ನಡುವಿನ ಗಾಳಿ ಹೊರಟುಹೋಗಿ, ಎಳೆಯುವ ಮೇಲ್ಮೈಯೇ ಇಲ್ಲವಾಗುತ್ತದೆ. ಮರಳು ಗಂಜಿಯಾಗುತ್ತದೆ.

ನಮ್ಮ ಅಡುಗೆಮನೆಗಳಿಗೆ ಈ ಹದ ಮೊದಲಿಂದಲೂ ಗೊತ್ತು. ಹಬೆಯಲ್ಲಿ ಬೇಯಿಸುವ ಪುಟ್ಟು ಮಾಡಲು ಅಕ್ಕಿ ಹಿಟ್ಟು ಕಲಸುವಾಗ ಅಮ್ಮ ನೀರು ಅಳೆಯುತ್ತಿರಲಿಲ್ಲ. ಚಿಮುಕಿಸಿ, ಉದುರಿಸಿ, ಒಂದು ಹಿಡಿ ತೆಗೆದು ಅದುಮುತ್ತಿದ್ದರು. ಮುಷ್ಟಿಯಲ್ಲಿ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ. ಅವಳು ಮರಳನ್ನು ಹಿಡಿದು, ಅದುಮಿ, ಕೈ ಬಿಡಿಸಿ ತೋರಿಸಿದಳು. ಅವಳ ಬೆರಳಿನ ಗೆರೆಗಳು ಕೂಡ ಉಂಡೆಯ ಮೇಲೆ ಮೂಡಿದ್ದವು.

ತಳವಿಲ್ಲದ ಬಕೆಟನ್ನು ನೆಲಕ್ಕೆ ಒತ್ತಿ ನಿಲ್ಲಿಸಿದೆವು. ನಾಲ್ಕು ಬೆರಳು ಮರಳು, ಮೇಲೆ ನೀರು, ಮುಷ್ಟಿಯಲ್ಲಿ ಗುದ್ದುವುದು. ಮತ್ತೆ ನಾಲ್ಕು ಬೆರಳು. ಬಕೆಟ್ ತುಂಬಿದ ಮೇಲೆ ಅದರ ಮೇಲೆ ಇನ್ನೊಂದು ಸಣ್ಣದು. ಇದು ಬೇಸರದ ಕೆಲಸ, ಆದರೆ ಇಡೀ ಶಿಲ್ಪದ ಜೀವ ಇದರಲ್ಲೇ ಇದೆ. ಒದ್ದೆ ದಂಡೆಯಲ್ಲಿ ನಡೆಯುವಾಗ ಹೆಜ್ಜೆಯ ಸುತ್ತ ಮರಳು ಒಂದು ಕ್ಷಣ ಒಣಗಿದ ಹಾಗೆ ಬೆಳ್ಳಗಾಗುವುದನ್ನು ನೋಡಿದ್ದೀರಾ? 1885ರಲ್ಲಿ ವಿಜ್ಞಾನಿ ಆಸ್ಬಾರ್ನ್ ರೆನಾಲ್ಡ್ಸ್ ಇದಕ್ಕೆ ಕಾರಣ ವಿವರಿಸಿದರು. ಒತ್ತೊತ್ತಾಗಿ ಕೂತ ಕಾಳುಗಳು ಅಲುಗಬೇಕಾದರೆ ಒಂದರ ಮೇಲೊಂದು ಹತ್ತಲೇಬೇಕು, ಅಂದರೆ ಇಡೀ ರಾಶಿ ಹಿಗ್ಗಬೇಕು. ಹಿಗ್ಗಿದ ಸಂದಿಗಳಿಗೆ ನೀರು ಇಳಿಯುತ್ತದೆ, ಮೇಲ್ಭಾಗ ಒಣಗಿದಂತೆ ಕಾಣುತ್ತದೆ. ಗುದ್ದಿ ಕೂರಿಸಿದ ಮರಳು ಸುಲಭಕ್ಕೆ ಜಾರದಿರುವುದು ಇದೇ ಕಾರಣಕ್ಕೆ. ಕಾಳು ಮೂಲೆ ಮೂಲೆಯಾಗಿದ್ದರೆ, ದೊಡ್ಡದು ಸಣ್ಣದು ಬೆರೆತಿದ್ದರೆ ಇನ್ನೂ ಒಳ್ಳೆಯದು. ಅಲೆಗಳಲ್ಲಿ ಉರುಳಿ ದುಂಡಗಾದ ಕಾಳು ಅಷ್ಟು ಕಚ್ಚಿಕೊಳ್ಳುವುದಿಲ್ಲ. ಕಡಲೇ ಬೇಕು ಅಂತೇನೂ ಇಲ್ಲ. ಮೈಸೂರಿನಲ್ಲಿ ಕಲಾವಿದೆ ಎಂ.ಎನ್. ಗೌರಿ ಅವರು ಮರಳು ಶಿಲ್ಪಗಳ ಸಂಗ್ರಹಾಲಯವನ್ನೇ ಮಾಡಿದ್ದಾರೆ.

ಎತ್ತರಕ್ಕೂ ಒಂದು ಲೆಕ್ಕ ಇದೆ. ಆಮ್‌ಸ್ಟರ್‌ಡ್ಯಾಮಿನ ಅದೇ ಪ್ರಯೋಗದಲ್ಲಿ ಕಂಬ ತನ್ನ ಭಾರಕ್ಕೇ ಬಳುಕಿ ಬೀಳುವ ಎತ್ತರವನ್ನೂ ಅಳೆದರು. ಬುಡದ ಅಗಲ ಎಂಟು ಪಟ್ಟಾದರೆ ಎತ್ತರ ನಾಲ್ಕು ಪಟ್ಟು ಮಾತ್ರ ಹೆಚ್ಚಬಹುದು. ಹಾಗಾಗಿ ಇಡೀ ಪ್ರತಿಮೆಯನ್ನು ಪೀಠದ ಮೇಲೆ ಸಪೂರವಾಗಿ ನಿಲ್ಲಿಸಲು ಹೋಗುವುದಕ್ಕಿಂತ ಸಿನಿಮಾದ ಅರ್ಧ ಹೂತ ರೂಪ ಮರಳಿಗೆ ಚೆನ್ನಾಗಿ ಒಗ್ಗುತ್ತದೆ. ಅಗಲ ಎದೆ, ಅಗಲ ಭುಜ, ಕೆಳಗೆಲ್ಲ ನೆಲ. ಆ ದೃಶ್ಯವನ್ನು ನಾನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ತೊಂದರೆ ಇದ್ದದ್ದು ಆ ಕೈಯಲ್ಲಿ.

ಮೊದಲ ಸಲ ಭುಜದಿಂದ ಹೊರಕ್ಕೆ ಚಾಚಿ ಕೆತ್ತಿದೆವು. ಮೊಣಕೈ ಆಕಾರ ಬರುವಷ್ಟರಲ್ಲಿ ಕಂಕುಳ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ನೋಡುತ್ತಿದ್ದ ಹಾಗೆ ಅದು ಅಗಲವಾಗಿ, ಇಡೀ ಕೈ ಒಂದೇ ತುಂಡಾಗಿ ಬಿತ್ತು. ಮರಳು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅಡ್ಡ ಚಾಚಿದ ಕೈಯ ಕೆಳಭಾಗ ಒತ್ತಿಕೊಳ್ಳುತ್ತದೆ, ಮೇಲ್ಭಾಗ ಎಳೆದುಕೊಳ್ಳುತ್ತದೆ. ಆ ಎಳೆತವನ್ನೆಲ್ಲ ಪುಟ್ಟ ನೀರಿನ ಸೇತುವೆಗಳೇ ಹೊರಬೇಕು. ದಪ್ಪ ಅಷ್ಟೇ ಇಟ್ಟು ಕೈಯ ಉದ್ದ ಎರಡು ಪಟ್ಟು ಮಾಡಿದರೆ ಭುಜದ ಹತ್ತಿರದ ಎಳೆತ ನಾಲ್ಕು ಪಟ್ಟಾಗುತ್ತದೆ. ಎರಡನೇ ಸಲ ಕೈಯನ್ನು ದಪ್ಪ ಮಾಡಿದೆವು. ಅದೂ ನಿಲ್ಲಲಿಲ್ಲ.

ಅಸಲಿ ಪ್ರತಿಮೆಗೂ ಭುಜವೇ ಕಷ್ಟದ ಜಾಗ. 1886ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಅನಾವರಣವಾದ ಅದರ ಎತ್ತರ ಪಾದದಿಂದ ಪಂಜಿನವರೆಗೆ 46 ಮೀಟರ್. ಹೊರಗಿನ ತಾಮ್ರದ ಚರ್ಮ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಭಾರ ಹೊರುವುದು ಒಳಗಿನ ಕಬ್ಬಿಣದ ಅಸ್ಥಿಪಂಜರ, ಅದನ್ನು ರೂಪಿಸಿದ್ದು ಗುಸ್ತಾವ್ ಐಫೆಲ್. ಅಷ್ಟೆಲ್ಲ ಇದ್ದೂ 1980ರ ದಶಕದಲ್ಲಿ ದುರಸ್ತಿಗೆ ಇಳಿದಾಗ ತಲೆ ತನ್ನ ಜಾಗದಿಂದ ಸುಮಾರು ಎರಡು ಅಡಿ ಪಕ್ಕಕ್ಕೆ ಕೂತಿರುವುದು ಕಂಡಿತು. ಗಾಳಿಗೆ ಪ್ರತಿಮೆ ಅಲುಗಿದಾಗ ಕಿರೀಟದ ಒಂದು ಮುಳ್ಳು ಎತ್ತಿದ ಕೈಗೆ ತಾಗಿ ತೂತು ಮಾಡುತ್ತಿತ್ತು. ಭುಜವನ್ನು ಬಲಪಡಿಸಬೇಕಾಯಿತು. ಕಬ್ಬಿಣಕ್ಕೆ ಎಳೆತ ತಡೆಯುವ ಶಕ್ತಿ ಇದೆ. ನಮ್ಮ ಮರಳಿಗೆ ಅಂಥ ಎಲುಬು ಇರಲಿಲ್ಲ.

ಮೂರನೇ ಸಲ ಕೈಯನ್ನು ಬಿಡಿಯಾಗಿ ನಿಲ್ಲಿಸುವ ಯೋಚನೆ ಬಿಟ್ಟೆವು. ಭುಜದ ಮೇಲೆ ಇನ್ನೊಂದು ಬಕೆಟ್ ಮರಳು ಗುದ್ದಿ, ತಲೆ ಮತ್ತು ಕೈ ಎರಡೂ ಒಂದೇ ದಿಮ್ಮಿಯೊಳಗೆ ಬರುವ ಹಾಗೆ ಮಾಡಿದೆವು. ಕೈ ಹೊರಕ್ಕೆ ಚಾಚದೆ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಹೋಯಿತು. ತಲೆಗೂ ಕೈಗೂ ನಡುವಿನ ಮರಳನ್ನು ಪೂರ್ತಿ ತೆಗೆಯಲಿಲ್ಲ, ಸಟ್ಟುಗದ ಅಂಚಿನಿಂದ ಎರಡು ಬೆರಳು ಆಳಕ್ಕೆ ಕೊರೆದೆವು ಅಷ್ಟೇ. ಇಳಿಬಿಸಿಲಿಗೆ ಆ ಕೊರೆತದಲ್ಲಿ ಕಪ್ಪು ನೆರಳು ತುಂಬಿಕೊಂಡಿತು. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಕೈಯ ಹಿಂದೆ ಆಕಾಶ ಇದ್ದ ಹಾಗೇ ಕಾಣುತ್ತಿತ್ತು. ಕಿರೀಟದ ಏಳು ಮುಳ್ಳುಗಳಿಗೂ ಅದೇ ಉಪಾಯ ಮಾಡಿದೆವು, ಒಂದೊಂದೂ ಹಿಂದಿನ ಗೋಡೆಗೆ ಒರಗಿಕೊಂಡಿತು.

ಕೆತ್ತಿದ್ದು ಮೇಲಿನಿಂದ ಕೆಳಕ್ಕೆ. ಮೊದಲು ಪಂಜು, ಆಮೇಲೆ ಕಿರೀಟ, ಮುಖ, ಕೊನೆಗೆ ಸೆರಗಿನ ನೆರಿಗೆ. ಮೇಲಿಂದ ಉದುರಿದ್ದು ಮುಗಿದ ಭಾಗವನ್ನು ಕೆಡಿಸಬಾರದಲ್ಲ. ಕಣ್ಣಿನ ರೆಪ್ಪೆಯ ಹತ್ತಿರ ಉಳಿದ ಬಿಡಿ ಕಾಳುಗಳನ್ನು ಅಕ್ಕನ ಮಗಳು ಸ್ಟ್ರಾದಿಂದ ಮೆಲ್ಲಗೆ ಊದಿದಳು. ಗಾಳಿಗೆ ಮೇಲ್ಮೈ ಒಣಗುತ್ತಾ ಬಂತು, ನಾವು ಆಗಾಗ ನೀರು ಸಿಂಪಡಿಸಿದೆವು. ದಿನಗಟ್ಟಲೆ ಉಳಿಸಬೇಕಾದವರು ನೀರಿಗೆ ತೆಳ್ಳಗೆ ಅಂಟು ಬೆರೆಸಿ ಸಿಂಪಡಿಸುತ್ತಾರೆ. ನಮಗೆ ಸಂಜೆವರೆಗೆ ಇದ್ದರೆ ಸಾಕಿತ್ತು.

“ಸಿನಿಮಾದಲ್ಲಿ ವಾಲಿದೆ ಅಲ್ವಾ ಚಿಕ್ಕಮ್ಮ? ನಮ್ಮದು ನೆಟ್ಟಗೆ ಉಂಟು” ಅಂದಳು. ವಾಲಿಸಲು ನನಗೆ ಧೈರ್ಯ ಇರಲಿಲ್ಲ. ವಾಲಿದರೆ ಒಂದು ಕಡೆಗೆ ಎಳೆತ ಶುರು, ಅದು ಎಲ್ಲಿಗೆ ಮುಟ್ಟುತ್ತದೆ ಅಂತ ಎರಡು ಸಲ ನೋಡಿಯಾಗಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಉಬ್ಬರದ ಮೊದಲ ತೆಳು ಅಲೆ ಬಂದು ಬುಡವನ್ನು ಮುಟ್ಟಿತು. ಏನನ್ನೂ ಕೊಚ್ಚಿಕೊಂಡು ಹೋಗಲಿಲ್ಲ, ಸುಮ್ಮನೆ ಇಂಗಿತು. ಬುಡದ ಸುತ್ತ ಕಪ್ಪಗೆ ಒಂದು ಗೆರೆ ಮೂಡಿ ಮೇಲೇರತೊಡಗಿತು. ಆ ಗೆರೆಯ ಕೆಳಗೆ ಸೇತುವೆಗಳ ನಡುವಿನ ಗಾಳಿ ಖಾಲಿಯಾಗುತ್ತಿತ್ತು. ನಾಲ್ಕೈದು ಅಲೆ ಕಳೆದ ಮೇಲೆ ಕಡಲ ಕಡೆಯ ಬುಡ ಗಂಜಿಯಾಗಿ ಹರಡಿತು. ಪ್ರತಿಮೆ ಬೀಳಲಿಲ್ಲ, ಎದೆಯವರೆಗೆ ನಿಧಾನವಾಗಿ ಕುಸಿದು ನೀರಿನ ಕಡೆ ಸ್ವಲ್ಪ ಬಾಗಿತು. ಮುಖ ಹಾಗೇ ಇತ್ತು, ಪಂಜು ಹಾಗೇ ಇತ್ತು.

ಅಕ್ಕನ ಮಗಳು ನನ್ನ ಕೈ ಹಿಡಿದು ಎಳೆದಳು. “ಈಗ ಸರಿ ಉಂಟು ನೋಡಿ ಚಿಕ್ಕಮ್ಮ. ಬೇಗ ಫೋಟೋ ತೆಗೀರಿ.”