ರಾಳದ ಮಣಿ ಮತ್ತು ಕೊಳವೆಬಾವಿಯ ವಿಷ

ಪಶ್ಚಿಮ ಬಂಗಾಳದ ಹಳ್ಳಿಗಳಿಗೆ ಕೊಳವೆಬಾವಿ ಬಂದದ್ದು, ಕೆರೆಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಸಾಯುತ್ತಿದ್ದವರನ್ನು ಉಳಿಸಲೆಂದು. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಾಹಾ, ರೋಗಿಗಳ ಮೈಮೇಲಿನ ಕಲೆಗೂ ದಡ್ಡುಗಟ್ಟಿದ ಅಂಗೈಗೂ ಅದೇ ಬಾವಿಗಳ ಆರ್ಸೆನಿಕ್ ಕಾರಣವೆಂದು ಗುರುತಿಸಿದರು. ತಿಳಿನೀರು, ರುಚಿಯಲ್ಲಿ ಸುಳಿವಿಲ್ಲ, ಕುದಿಸಿದರೂ ಹೋಗದು.

ಇಂಥದ್ದನ್ನು ಹಿಡಿಯುವ ಪಾಲಿಮರ್‌ಗಳ, ಅಂದರೆ ಅಣುಗಳು ಉದ್ದ ಸರಪಳಿಯಾಗಿ ಹೆಣೆದ ವಸ್ತುಗಳ, ಕಥೆ ಹೊಲದ ಮಣ್ಣಿನಿಂದ ಶುರುವಾಗುತ್ತದೆ. ಗೊಬ್ಬರದ ಅಮೋನಿಯವನ್ನು ಮಣ್ಣು ಇಟ್ಟುಕೊಂಡು ಬದಲಿಗೆ ಸುಣ್ಣದಂಶ ಬಿಟ್ಟುಕೊಡುತ್ತದೆಂದು 1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಪ್ರಕಟಿಸಿದರು. ಈ ಕೊಡುಕೊಳ್ಳುವಿಕೆಯನ್ನು 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳದಲ್ಲಿ, ಅಂದರೆ ಅಂಥದೇ ಒಂದು ಪಾಲಿಮರಿನಲ್ಲಿ, ಸಾಧಿಸಿದರು. 1944ರಲ್ಲಿ ಅಮೆರಿಕದ ಡಿ'ಅಲೆಲಿಯೊ ಅವರಿಗೆ ಪಾಲಿಸ್ಟೈರೀನ್ ರಾಳದ ಪೇಟೆಂಟ್ ಸಿಕ್ಕಿತು. ಗಡಸುನೀರನ್ನು ಮೆದುಮಾಡುವ ಯಂತ್ರಗಳಲ್ಲಿರುವ ಸಾಸಿವೆಯಂಥ ಮಣಿಗಳು ಅದೇ ವಂಶದವು.

ಸಾದಾ ರಾಳಕ್ಕೆ ಆಯ್ಕೆ ಅಷ್ಟಾಗಿ ತಿಳಿಯದು. ನೀರಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂನಿಂದಲೇ ಬೇಗ ತುಂಬಿಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗ, ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ನರಗಳಿಗೆ ಇಳಿದದ್ದರ ಫಲ. ಅಂಥ ಲೋಹವನ್ನೇ ಆರಿಸಿ ಹಿಡಿಯಲು ರಾಳಕ್ಕೆ ಗಂಧಕದ ಗುಂಪುಗಳನ್ನು ಕಟ್ಟುತ್ತಾರೆ. ಪಾದರಸಕ್ಕೂ ಗಂಧಕಕ್ಕೂ ಬಿಡದ ನಂಟು. ಇಂಗಳೀಕವೆಂದರೆ ಇವೆರಡರ ಕೂಟವೇ.

ಆರ್ಸೆನಿಕ್ಕಿನ ದಾರಿ ಬೇರೆ. ಅದು ಅರೆಲೋಹ, ಅದು ಅಂಟಿಕೊಳ್ಳುವುದು ಕಬ್ಬಿಣದ ತುಕ್ಕಿಗೆ. ಆದರೆ ನುಣ್ಣನೆ ತುಕ್ಕಿನ ಪುಡಿ ತುಂಬಿದರೆ ನೀರೇ ಹರಿಯದು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೆನ್‌ಗುಪ್ತಾ ತಂಡ ಆ ತುಕ್ಕನ್ನು ರಾಳದ ಮಣಿಯೊಳಗೇ ನ್ಯಾನೊ ಎಂಬ ಅತಿಸೂಕ್ಷ್ಮ ಕಣಗಳಾಗಿ ಬೆಳೆಸಿತು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ತಂಡ ಸಿಗಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಪಾಲಿಮರನ್ನು ಅಂಥ ಕಬ್ಬಿಣದ ಕಣಗಳಿಗೆ ಆಶ್ರಯವಾಗಿಸಿ, ಬಡವರ ಕೈಗೆಟಕುವ ಸೋಸುಕ ರೂಪಿಸಿತು. ನಮ್ಮಲ್ಲೂ ಇದು ದೂರದ ಮಾತಲ್ಲ: ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನ ಆರ್ಸೆನಿಕ್ ಬೆರೆತ ನೀರು ಕುಡಿದು ಚರ್ಮರೋಗಕ್ಕೆ ತುತ್ತಾದರು.

ಜಾಹೀರಾತುಗಳು ಹೇಳದ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಹಿಡಿದ ವಿಷ ಎಲ್ಲಿಗೆ ಹೋಗುತ್ತದೆ? ಮಣಿ ತುಂಬಿದ ಮೇಲೆ ಕಾಸ್ಟಿಕ್ ಸೋಡಾ, ಉಪ್ಪಿನ ದ್ರಾವಣದಲ್ಲಿ ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆರ್ಸೆನಿಕ್ ಮಾತ್ರ ಕೆಸರಾಗಿ ಉಳಿಯುತ್ತದೆ. ಅದನ್ನು ಗಾಳಿಯಾಡದ ಗುಂಡಿಯಲ್ಲಿ ಹೂತರೆ ಮತ್ತೆ ಕರಗಿ ನೀರಿಗಿಳಿಯುವ ಭಯ. ಅದಕ್ಕೇ ಬಂಗಾಳದಲ್ಲಿ ಅದನ್ನು ಗಾಳಿಯಾಡುವ ಮರಳಿನ ತೊಟ್ಟಿಯಲ್ಲಿ ಕಾಪಿಡುತ್ತಾರೆ, ಊರಿನ ಸಮಿತಿಗಳು ನೀರಿಗೆ ಒಂದಿಷ್ಟು ಶುಲ್ಕ ಪಡೆದು ಘಟಕ ನಡೆಸುತ್ತವೆ.