ರಸ್ತೆ ಬದಿಯ ಹಳೇ ಮರ: ಗಿಡಕ್ಕಿಂತ ಮೊದಲು ಗುಂಡಿ

ರಸ್ತೆ ಬದಿಯ ಹಳೇ ಮರವನ್ನು ಯಾವಾಗ ಕಡಿಯಬೇಕು, ಬದಲಿಗೆ ಗಿಡ ಹೇಗೆ ನೆಡಬೇಕು ಅನ್ನುವುದು ಈ ಪಾಠದ ಪ್ರಶ್ನೆ. ಮಂಗಳೂರಿನಲ್ಲಿ ನಾವು ಅಭ್ಯಾಸಕ್ಕೆ ಹೋದ ರಸ್ತೆಯಲ್ಲಿ ಒಂದು ಗುಲ್‌ಮೊಹರ್ ಇತ್ತು. ತೊಗಟೆ ಕೆತ್ತಿ ನಂಬರ್ ಬರೆದಿದ್ದರು, ಅಂದರೆ ಕಡಿಯುವ ಪಟ್ಟಿಯಲ್ಲಿದೆ. ಯಾಕೆ ಅಂತ ಕೇಳಿದರೆ "ಮುದಿ ಮರ ಅಲ್ವಾ" ಅಂದರು. ನೀವು ಉತ್ತರದಲ್ಲಿ ಇಷ್ಟೇ ಬರೆದು ಬಿಡಬೇಡಿ. ಕಡಿಯಲು ವಯಸ್ಸೊಂದೇ ಸಾಲದು, ಮರದ ಸ್ಥಿತಿ ನೋಡಬೇಕು.

ನೋಡುವುದು ಬುಡದಿಂದ. ಬುಡದಲ್ಲಿ ಗಟ್ಟಿ ಅಣಬೆ ಹಲಗೆಯ ಹಾಗೆ ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿದೆ ಅಂತ ಅನುಮಾನಿಸಿ. ಕಾಂಡಕ್ಕೆ ಮರದ ಸುತ್ತಿಗೆಯಿಂದ ತಟ್ಟಿ, ಒಳಗೆ ಟೊಳ್ಳಿದೆಯಾ ಅಂತ ಸದ್ದು ಕೇಳಿ. ಹಲಸು ಹಣ್ಣಾಗಿದೆಯಾ ಅಂತ ತಟ್ಟಿ ನೋಡ್ತೇವಲ್ಲ, ಅದೇ ಕಿವಿ ಇಲ್ಲೂ ಬೇಕು. ಗೆದ್ದಲು ಕಂಡ ಕೂಡಲೇ ಹೆದರಬೇಡಿ, ಅದು ಹೆಚ್ಚಾಗಿ ಸತ್ತ ಕಟ್ಟಿಗೆಯನ್ನೇ ತಿನ್ನುವುದು.

ಇನ್ನು ಬೇರು. ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ರೆಂಬೆಗಳ ನೆರಳಿಗಿಂತಲೂ ಆಚೆ ಹರಡುತ್ತವೆ. ಲೆಕ್ಕಕ್ಕೆ ಒಂದು ಸೂತ್ರ ಇದೆ: ಎದೆಮಟ್ಟದಲ್ಲಿ ಕಾಂಡದ ವ್ಯಾಸ ಅಳೆದು 12ರಿಂದ ಗುಣಿಸಿ. ನಮ್ಮ ಗುಲ್‌ಮೊಹರಿನ ಸುತ್ತಳತೆ 190 ಸೆಂ.ಮೀ. 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 60 ಸೆಂ.ಮೀ., 12 ಪಟ್ಟು ಅಂದರೆ 7.2 ಮೀಟರ್. ಕಾಂಡದಿಂದ ಅಷ್ಟು ದೂರದೊಳಗೆ ಅಗೆಯಬಾರದು. ಅಲ್ಲಿ ಚರಂಡಿಗೆ ಅಗೆದಿದ್ದದ್ದು ಕಾಂಡದಿಂದ ಒಂದೇ ಮೀಟರ್ ದೂರದಲ್ಲಿ. ಮಣಿಕಟ್ಟಿನಷ್ಟು ದಪ್ಪದ ಬೇರುಗಳು ಜೆಸಿಬಿಗೆ ಸಿಕ್ಕಿ ನಾರು ನಾರಾಗಿ ನೇತಾಡುತ್ತಿದ್ದವು. ಇಂಥ ಮರ ಮಳೆಗಾಲದ ಗಾಳಿಗೆ ಬಿದ್ದರೆ ಬೈಗುಳ ಮಾತ್ರ ಮರಕ್ಕೇ.

ಸರಿ, ಕಡಿಯಲೇಬೇಕಾಯಿತು ಅಂದುಕೊಳ್ಳಿ. ಬದಲಿಗೆ ಹತ್ತು ಗಿಡ ನೆಡ್ತೇವೆ ಅನ್ನುತ್ತಾರೆ. ನನ್ನ ಪ್ರಕಾರ ಪಾಠದ ತಿರುಳು ಇಲ್ಲೇ ಇರುವುದು: ಗಿಡ ಎಷ್ಟು ಅನ್ನುವುದಕ್ಕಿಂತ ಮೊದಲು ಗುಂಡಿ ಎಂಥದ್ದು ಅಂತ ಕೇಳಿ. ನಮ್ಮ ಕಡೆ ಮೇಲೆ ಮುರಕಲ್ಲು (ಲ್ಯಾಟರೈಟ್), ಕೆಳಗೆ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿಯಂಥ ಮಣ್ಣು. ಶೇಡಿ ಮಣ್ಣಿನಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಬೀಳುವ ಊರಿನಲ್ಲಿ ಅಂಥ ಗುಂಡಿ ಬಕೆಟ್ ಆಗಿಬಿಡುತ್ತದೆ. ಜುಲೈಯಲ್ಲಿ ಬೇರು ಕೊಳೆಯುತ್ತದೆ, ಏಪ್ರಿಲ್‌ನಲ್ಲಿ ಅದೇ ಗಿಡ ಬಾಯಾರಿ ಸಾಯುತ್ತದೆ. ಪರೀಕ್ಷೆ ಸುಲಭ. ಗುಂಡಿ ತುಂಬ ನೀರು ಸುರಿದು ಮರುದಿನ ನೋಡಿ. ನಾವು ಸಂಜೆ ಸುರಿದದ್ದು ಬೆಳಿಗ್ಗೆಯೂ ಹಾಗೇ ಇತ್ತು, ಒಂದು ಕಪ್ಪೆಯೂ ಬಂದು ಕೂತಿತ್ತು. ಇದಕ್ಕೆ ಪರಿಹಾರ, ಬಿಡಿಬಿಡಿ ಗುಂಡಿಗಳ ಬದಲು ಉದ್ದಕ್ಕೆ ಒಂದೇ ಕಾಲುವೆ ತೋಡಿ ಮಣ್ಣು ತುಂಬುವುದು, ಹೆಚ್ಚಿನ ನೀರಿಗೆ ಚರಂಡಿಗೆ ದಾರಿ ಬಿಡುವುದು. ಕಾಂಕ್ರೀಟ್ ಹಾಕುವ ಮೊದಲೇ ಇದು ಆಗಬೇಕು. ಇಂಟರ್‌ಲಾಕ್‌ ಹಾಸುಗಲ್ಲು ಕೂಡ ಕಾಂಡಕ್ಕೆ ಅಂಟಿಸಬಾರದು. ದೆಹಲಿಯ ಮರಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಹೇಳಿತ್ತು.

ಯಾವ ಗಿಡ? ರೆಂಜೆ (ಬಕುಳ) ನಿಧಾನಕ್ಕೆ ಬೆಳೆದರೂ ಗಟ್ಟಿ, ಹೂವು ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಕಡಲ ಉಪ್ಪುಗಾಳಿಗೆ ಸುರಹೊನ್ನೆ, ಹೊಂಗೆ ಎರಡೂ ತಡೆಯುತ್ತವೆ. ಕರೆಂಟ್ ತಂತಿಯ ಕೆಳಗೆ ಎತ್ತರದ ಜಾತಿ ನೆಟ್ಟರೆ ವರ್ಷವೂ ತಲೆ ಕಡಿಯುತ್ತಾರೆ, ಕಡಿದಲ್ಲಿ ಚಿಗುರುವ ರೆಂಬೆಗಳಿಗೆ ಹಿಡಿತ ಕಡಿಮೆ.

ಕಾನೂನು ಚಿಕ್ಕದಾಗಿ ನೆನಪಿಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಮರ ಕಡಿಯಲು ಅನುಮತಿ ಕೊಡುವವರು ವೃಕ್ಷಾಧಿಕಾರಿ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು.

ಒಂದೇ ಸಲ ಇಡೀ ಸಾಲು ಬೋಳು ಮಾಡುವ ಬದಲು ಒಂದು ಬಿಟ್ಟು ಒಂದು ತೆಗೆದರೆ ನೆರಳು ಪೂರ್ತಿ ಹೋಗುವುದಿಲ್ಲ. ನೆಟ್ಟ ಗಿಡಕ್ಕೆ ಎರಡು ಮೂರು ಬೇಸಿಗೆ ನೀರು ಬೇಕು. ಮುಂದಿನ ವಾರ ಕಾಮಗಾರಿಯ ಎಸ್ಟಿಮೇಟ್ (ಖರ್ಚಿನ ಅಂದಾಜು ಪಟ್ಟಿ) ಓದುವಾಗ ಟ್ಯಾಂಕರ್ ನೀರಿಗೆ ದುಡ್ಡು ಯಾವ ಸಾಲಿನಲ್ಲಿದೆ ಅಂತ ಹುಡುಕಿ. ನನಗೆ ಸಿಕ್ಕಿದ ಪ್ರತಿಯಲ್ಲಿ ಗಿಡದ ರೇಟ್ ಇತ್ತು, ಬೇಲಿಯ ರೇಟ್ ಇತ್ತು, ನೀರಿನದ್ದು ಇರಲಿಲ್ಲ.