ಹೆಸರು ಮುಚ್ಚಿದರೆ ಸಾಕಾ? ಡೀಪ್ ಥ್ರೋಟ್ ಪಾಠದ ಟಿಪ್ಪಣಿ

'ಡೀಪ್ ಥ್ರೋಟ್ ಅಂದರೆ ಮಾರ್ಕ್ ಫೆಲ್ಟ್' ಅಂತ ಒಂದು ಸಾಲು ಬಾಯಿಪಾಠ ಮಾಡಿ ಬಿಟ್ಟರೆ ಎರಡು ಅಂಕವೂ ಸಿಗಲ್ಲ. ಡೀಪ್ ಥ್ರೋಟ್ ಅನ್ನುವುದು ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಪತ್ರಕರ್ತರಿಗೆ ಗುಟ್ಟಾಗಿ ಮಾಹಿತಿ ಕೊಟ್ಟವರ ಗುಪ್ತನಾಮ. ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಮ್ಮ ಗೆಳೆಯರಿಗಾಗಿ ಬರೆದಿದ್ದೇನೆ, ಚಹಾ ಕುಡಿಯುತ್ತಾ ಓದಿ.

1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿ, ವಿರೋಧಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐದು ಜನ ಸಿಕ್ಕಿಬಿದ್ದರು. ವಾಷಿಂಗ್ಟನ್ ಪೋಸ್ಟ್‌ನ ಬಾಬ್ ವುಡ್‌ವರ್ಡ್, ಕಾರ್ಲ್ ಬರ್ನ್‌ಸ್ಟೀನ್ ಎಂಬ ವರದಿಗಾರರು ಈ ಸುದ್ದಿಯ ಬೆನ್ನುಹತ್ತಿದರು. ಫೆಲ್ಟ್ ಆಗ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಎರಡನೇ ಸ್ಥಾನದ ಅಧಿಕಾರಿ. ಭೇಟಿ ಬೇಕಾದಾಗ ವುಡ್‌ವರ್ಡ್ ಬಾಲ್ಕನಿಯಲ್ಲಿ ಕೆಂಪು ಬಾವುಟ ಸಿಕ್ಕಿಸಿದ ಹೂಕುಂಡದ ಜಾಗ ಬದಲಿಸುತ್ತಿದ್ದರು. ರಾತ್ರಿ ಹೊತ್ತು ಅಂಡರ್‌ಗ್ರೌಂಡ್ ಪಾರ್ಕಿಂಗ್‌ನಲ್ಲಿ ಮಾತು. ಫೆಲ್ಟ್ ಹೆಚ್ಚಾಗಿ ಬೇರೆ ಕಡೆ ಸಿಕ್ಕ ಸುದ್ದಿ ಸರಿಯಾ, ತಪ್ಪಾ ಅಂತ ಹೇಳುತ್ತಿದ್ದರು. 1974ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಈ ಹಗರಣದಿಂದಾಗಿ ಕುರ್ಚಿ ಬಿಟ್ಟರು.

ಒಂದು ತಮಾಷೆ ನೋಡಿ. ಓದುಗರಿಗೆ 33 ವರ್ಷ ಗೊತ್ತಾಗದ ಹೆಸರು ನಿಕ್ಸನ್‌ಗೆ 1972ರ ಅಕ್ಟೋಬರ್‌ನಲ್ಲೇ ತಲುಪಿತ್ತು! ಬಾಯಿಬಿಡುತ್ತಿರುವವರು ಫೆಲ್ಟ್ ಅಂತ ಅವರ ಆಪ್ತ ಅಧಿಕಾರಿ ಹಾಲ್ಡೆಮನ್ ಹೇಳಿದ್ದು ನಿಕ್ಸನ್ ಮಾತುಕತೆಗಳ ಟೇಪಿನಲ್ಲಿದೆ. ಕೈ ಹಾಕಿದರೆ ಆ ಮನುಷ್ಯ ಗೊತ್ತಿರುವುದೆಲ್ಲ ಹೊರಹಾಕುತ್ತಾನೆ ಅನ್ನುವ ಭಯಕ್ಕೆ ಇಬ್ಬರೂ ಸುಮ್ಮನಿದ್ದರು.

2005ರ ಮೇ 31ರಂದು ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಫೆಲ್ಟ್ ಅವರ ವಕೀಲರೇ ಗುಟ್ಟು ಬಿಟ್ಟರು. ಆಗ ಫೆಲ್ಟ್‌ಗೆ 91 ವರ್ಷ, ನೆನಪು ಮಾಸಿತ್ತು. ಅವರು ಸಾಯುವವರೆಗೂ ಹೆಸರು ಹೇಳಲ್ಲ ಅಂತ ವುಡ್‌ವರ್ಡ್ ಮಾತು ಕೊಟ್ಟಿದ್ದರು. ಮರೆವಿನಲ್ಲಿರುವ ಮನುಷ್ಯ 'ಹೇಳಿ' ಅಂದರೆ ಅದು ಒಪ್ಪಿಗೆ ಆಗುತ್ತಾ? ಅದಕ್ಕೇ ವುಡ್‌ವರ್ಡ್ ಮೊದಲು ಹಿಂಜರಿದರು. ಕೊನೆಗೆ ಪೋಸ್ಟ್ ಅದೇ ದಿನ ಹೌದು ಅಂದಿತು. ಪರೀಕ್ಷೆಯಲ್ಲಿ ಈ ಹಿಂಜರಿಕೆ ಬಗ್ಗೆ ಬರೆಯಿರಿ, ಇಡೀ ಪಾಠದ ತಿರುಳು ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ನಮ್ಮ ಬೊಫೋರ್ಸ್ ಫಿರಂಗಿ ಲಂಚದ ಹಗರಣದಲ್ಲಿ ಈ ತೊಡಕಿಲ್ಲ. ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಅವರಿಗೆ ದಾಖಲೆ ಕೊಟ್ಟ ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರಾಮ್ 2012ರಲ್ಲಿ ತಾವೇ ಮುಂದೆ ಬಂದರು.

ಕಾನೂನಿನ ಪ್ರಶ್ನೆಯಲ್ಲಿ ಎಲ್ಲರೂ ಎಡವುತ್ತಾರೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2)ನೇ ಕಲಂ ಪ್ರಕಾರ ಸುದ್ದಿಮೂಲ ಹೇಳು ಅಂತ ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ. ಆದರೆ ಈ ರಕ್ಷಣೆ ಕೌನ್ಸಿಲ್ ವಿಚಾರಣೆಗೆ ಮಾತ್ರ, ಕೋರ್ಟಿಗಲ್ಲ.

ಕೋರ್ಟು ಕೇಳುವ ಮೊದಲೇ ನಾವೇ ಬಾಯಿಬಿಡುವುದೂ ಉಂಟು. ಇಂಟರ್ನ್‌ಶಿಪ್ ಮಾಡುವಾಗ ತೊಗರಿ ತೂಕದ ಮೋಸದ ಬಗ್ಗೆ ಒಂದು ಸುದ್ದಿ ಬರೆದೆ. ಮಾಹಿತಿ ಕೊಟ್ಟಿದ್ದು ಒಬ್ಬ ಹಮಾಲರು. 'ನನ್ ಹೆಸರು ಹಾಕಬ್ಯಾಡ್ರಿ' ಅಂದಿದ್ದರು. ಹಾಕಲಿಲ್ಲ. ಆದರೆ ಸುದ್ದಿಗೆ ಕಳೆ ಬರಲಿ ಅಂತ 'ಎಡಗೈಯಲ್ಲಿ ಎರಡು ಬೆರಳಿಲ್ಲದ ಹಮಾಲರೊಬ್ಬರು' ಅಂತ ಬರೆದೆ. ಆ ಸಾಲು ನನಗೆ ಬಹಳ ಇಷ್ಟವಾಗಿತ್ತು. ಆ ಬಜಾರದಲ್ಲಿ ಅಂಥ ಕೈ ಇದ್ದದ್ದು ಒಬ್ಬರಿಗೇ. ಮರುದಿನ ಹೋದರೆ ಅವರು ಬೈಯಲಿಲ್ಲ. 'ಹೆಸರಿಲ್ಲ ಖರೆ, ತಮ್ಮಾ. ಆದ್ರ ಕೈ ಬರೆದಿಯಲ್ಲ' ಅಂದರು. ಆ ಅಂಗಡಿಯವರು ಮತ್ತೆ ಅವರಿಗೆ ಚೀಲ ಎತ್ತಲು ಕೊಡಲಿಲ್ಲ.